ಫ್ರೆಂಚ್ ನಿಂಬೆ ಟಾರ್ಟ್: ದಾವಣಗೆರೆಯ ಬಿಸಿಲಿಗೆ ಹೊಂದುವ ಕ್ರಮ

ಫ್ರೆಂಚರ ನಿಂಬೆ ಟಾರ್ಟನ್ನು ಮನೆಯಲ್ಲೇ ಮಾಡುವುದು ಹೇಗೆ ಎಂದು ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಹೆಚ್ಚಿನವರು ಒಮ್ಮೆಯಾದರೂ ಮಾಡಿ ನೋಡಿದವರೇ. ಅಂಚು ಕುಸಿಯಿತು, ತಳ ಹಸಿಯಾಗಿಯೇ ಉಳಿಯಿತು, ಒಳಗಿನ ಹೂರಣದಲ್ಲಿ ಮೊಟ್ಟೆ ಗಂಟುಗಂಟಾಯಿತು, ಮೇಲೆ ಎಣ್ಣೆ ತೇಲಿತು ಎಂಬವು ಅವರ ಸಾಮಾನ್ಯ ದೂರುಗಳು. ಈ ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅಳತೆ ತಪ್ಪಿದ್ದಕ್ಕಿಂತ ಶಾಖ ತಪ್ಪಿದ್ದೇ ಹೆಚ್ಚು ಎಂಬುದು ಸ್ಪಷ್ಟವಾಗುತ್ತದೆ. ತಂಪು ಹವೆಯ ದೇಶದವರು ಬರೆದ ವಿಧಾನಗಳು ‘ಬೆಣ್ಣೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಗಂಟೆ ಇಡಿ’ ಎನ್ನುತ್ತವೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಹಾಗೆ ಇಟ್ಟರೆ ಅದು ಕರಗಿ ತಟ್ಟೆಯಲ್ಲಿ ಹರಡಿರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಪ್ರತಿ ಹಂತದಲ್ಲೂ ಬೆಣ್ಣೆ ಎಷ್ಟು ತಣ್ಣಗಿರಬೇಕು, ಹೂರಣ ಎಷ್ಟು ಬಿಸಿಯಾಗಬೇಕು ಎಂಬುದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಟಾರ್ಟ್ ಎಂದರೆ ಮೈದಾ, ಬೆಣ್ಣೆ, ಸಕ್ಕರೆಗಳಿಂದ ಮಾಡಿದ ಗರಿಗರಿಯಾದ ತೆಳು ಕವಚ. ಅದಕ್ಕೆ ಮೇಲೆ ಮುಚ್ಚಳವಿರುವುದಿಲ್ಲ. ಅದರೊಳಗೆ ನಿಂಬೆರಸ, ಮೊಟ್ಟೆ, ಸಕ್ಕರೆ ಮತ್ತು ಬೆಣ್ಣೆಯ ನುಣುಪಾದ ಹೂರಣವನ್ನು ತುಂಬುತ್ತಾರೆ. ಫ್ರಾನ್ಸಿನಲ್ಲಿ ಇದರ ಹೆಸರು ‘ತಾರ್ತ್ ಓ ಸಿತ್ರೋಂ’. ಆ ದೇಶದ ಆಗ್ನೇಯ ತುದಿಯಲ್ಲಿ, ಇಟಲಿಯ ಗಡಿಗೆ ಅಂಟಿಕೊಂಡಿರುವ ಮಾಂತೋಂ ಪಟ್ಟಣ ನಿಂಬೆಗೆ ಹೆಸರುವಾಸಿಯಾಗಿದ್ದು, 1934ರಿಂದ ಅಲ್ಲಿ ಚಳಿಗಾಲದ ಕೊನೆಗೆ ನಿಂಬೆಯ ಹಬ್ಬವನ್ನೇ ನಡೆಸುತ್ತ ಬಂದಿದ್ದಾರೆ. ಹೂರಣ ಮಾಡುವುದಕ್ಕೆ ಎರಡು ಕ್ರಮಗಳಿವೆ. ಮೊಟ್ಟೆ, ನಿಂಬೆರಸ, ಗಟ್ಟಿ ಕ್ರೀಮ್ ಬೆರೆಸಿ ಹಸಿಯಾಗಿಯೇ ಕವಚಕ್ಕೆ ಸುರಿದು ಒಲೆಯಲ್ಲಿ ಬೇಯಿಸುವುದು ಒಂದು. ಹೂರಣವನ್ನು ಗ್ಯಾಸ್ ಮೇಲೆ ಬೇಯಿಸಿಕೊಂಡು, ಆಗಲೇ ಬೆಂದ ಕವಚಕ್ಕೆ ತುಂಬುವುದು ಇನ್ನೊಂದು. ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಮೊದಲನೆಯದಕ್ಕೆ ಬೇಕಾದ 35 ಪ್ರತಿಶತ ಕೊಬ್ಬಿನ ಕ್ರೀಮ್ ನಮ್ಮ ಊರುಗಳ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಪೊಟ್ಟಣದಲ್ಲಿ ಬರುವ ಸಾಮಾನ್ಯ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಸುಮಾರು 25 ಪ್ರತಿಶತ ಮಾತ್ರ. ಜೊತೆಗೆ ಮನೆಯ ಸಣ್ಣ ಓಟಿಜಿಯಲ್ಲಿ, ಅಂದರೆ ಮೇಲೆ ಕೆಳಗೆ ಕಾಯುವ ಸರಳುಗಳಿರುವ ವಿದ್ಯುತ್ ಒಲೆಯಲ್ಲಿ, ಶಾಖ ಎಲ್ಲ ಕಡೆ ಸಮನಾಗಿರುವುದಿಲ್ಲ. ನಡುವೆ ಕರೆಂಟ್ ಹೋದರೆ ಹೂರಣವೂ ಹೋದಂತೆಯೇ. ಗ್ಯಾಸ್ ಮೇಲಿನ ಹೂರಣ ನಿಮ್ಮ ಕಣ್ಣೆದುರಿಗೇ ಇರುತ್ತದೆ.

ಮೊಟ್ಟೆಯಿಲ್ಲದೆ ಮಾಡಬಹುದೇ ಎಂಬುದು ಅತಿ ಹೆಚ್ಚು ಬರುವ ಪ್ರಶ್ನೆ. ಕವಚವನ್ನು ಖಂಡಿತ ಮಾಡಬಹುದು. ಮೊಟ್ಟೆಯ ಬದಲು ಎರಡು ದೊಡ್ಡ ಚಮಚ ತಣ್ಣನೆಯ ಹಾಲು ಸಾಕು. ಹೂರಣದ ಮಾತು ಬೇರೆ. ಅದು ಗಟ್ಟಿಯಾಗುವುದೇ ಮೊಟ್ಟೆಯಿಂದ. ಕಾರ್ನ್‌ಫ್ಲೋರ್ ಹಾಕಿ ನಿಂಬೆರಸವನ್ನು ಗಟ್ಟಿ ಮಾಡಿದರೆ ತಿನ್ನಲು ಚೆನ್ನಾಗಿಯೇ ಇರುವ ಒಂದು ಸಿಹಿ ಸಿಗುತ್ತದೆ, ಆದರೆ ಅದು ಈ ಟಾರ್ಟ್ ಅಲ್ಲ, ಅದರ ಅಳತೆಗಳೂ ಬೇರೆ. ಇಲ್ಲಿ ಮೊಟ್ಟೆ ಹಾಕುವ ಕ್ರಮವನ್ನೇ ವಿವರಿಸುತ್ತೇನೆ.

ಬೇಕಾಗುವ ಸಾಮಗ್ರಿ

ಈ ಅಳತೆ 22 ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ಎತ್ತರದ, ತಳ ಬಿಡಿಸಿ ತೆಗೆಯಬಹುದಾದ ಒಂದು ಟಾರ್ಟ್ ಅಚ್ಚಿಗೆ. ಎಂಟು ಜನಕ್ಕೆ ಸಾಕಾಗುತ್ತದೆ.

ಕವಚಕ್ಕೆ: ಮೈದಾ 150 ಗ್ರಾಂ, ಉಪ್ಪಿಲ್ಲದ ಬೆಣ್ಣೆ 80 ಗ್ರಾಂ, ನುಣ್ಣನೆಯ ಸಕ್ಕರೆ ಪುಡಿ 55 ಗ್ರಾಂ, ಬಾದಾಮಿ ಪುಡಿ 20 ಗ್ರಾಂ, ಒಂದು ಚಿಟಿಕೆ ಉಪ್ಪು, ಒಂದು ಮೊಟ್ಟೆ. ಈ ಮೊಟ್ಟೆಯನ್ನು ಒಡೆದು ಚೆನ್ನಾಗಿ ಕಲಕಿ, ಅದರಲ್ಲಿ 30 ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚದಷ್ಟನ್ನು ಮಾತ್ರ ಕಣಕಕ್ಕೆ ಬಳಸಬೇಕು. ಉಳಿದದ್ದನ್ನು ಚೆಲ್ಲಬೇಡಿ, ನಾಲ್ಕನೆಯ ಹಂತದಲ್ಲಿ ಬೇಕಾಗುತ್ತದೆ.

ಹೂರಣಕ್ಕೆ: ಸೋಸಿದ ನಿಂಬೆರಸ 130 ಮಿಲಿಲೀಟರ್, ಮೂರು ಹಣ್ಣುಗಳ ಸಿಪ್ಪೆಯ ತುರಿ, ಸಕ್ಕರೆ 190 ಗ್ರಾಂ, ಮೂರು ಇಡೀ ಮೊಟ್ಟೆ, ಇನ್ನೂ ಮೂರು ಮೊಟ್ಟೆಗಳ ಹಳದಿ ಭಾಗ, ಉಪ್ಪಿಲ್ಲದ ಬೆಣ್ಣೆ 150 ಗ್ರಾಂ.

ಸಕ್ಕರೆ ಪುಡಿಯನ್ನು ಮನೆಯ ಮಿಕ್ಸಿಯಲ್ಲೇ ಮಾಡಿಕೊಳ್ಳಬಹುದು, ಆದರೆ ಜರಡಿ ಹಿಡಿಯಲೇಬೇಕು. ಉಳಿದ ಹರಳುಗಳು ಒಲೆಯಲ್ಲಿ ಕರಗಿ ಕವಚದ ಮೇಲೆ ಕಂದು ಚುಕ್ಕೆಗಳಾಗುತ್ತವೆ. ತೂಕಕ್ಕೆ ಗ್ರಾಂ ತೋರಿಸುವ ಸಣ್ಣ ಯಂತ್ರ ಬೇಕು. ಲೋಟದ ಅಳತೆಯಲ್ಲಿ ಈ ಟಾರ್ಟ್ ಮಾಡಲು ಹೋಗಬೇಡಿ: ಒತ್ತಿ ತುಂಬಿದ ಲೋಟದ ಮೈದಾಕ್ಕೂ ಸಡಿಲವಾಗಿ ತುಂಬಿದ್ದಕ್ಕೂ ಇರುವ ವ್ಯತ್ಯಾಸವೇ ಕವಚವನ್ನು ಕೆಡಿಸುವಷ್ಟಿರುತ್ತದೆ. ಅಡುಗೆಯ ಥರ್ಮಾಮೀಟರ್ ಇದ್ದರೆ ಬಹಳ ಒಳ್ಳೆಯದು. ಇಲ್ಲದವರಿಗೆ ಬೇರೆ ಗುರುತುಗಳನ್ನು ಮುಂದೆ ಹೇಳಿದ್ದೇನೆ. ಹೂರಣ ಬೇಯಿಸಲು ಸ್ಟೀಲ್ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ ಅಥವಾ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ನಿಂಬೆಯ ಹುಳಿ ಲೋಹದೊಂದಿಗೆ ಬೆರೆತು ಹೂರಣಕ್ಕೆ ಲೋಹದ ರುಚಿ ಬರುತ್ತದೆ, ಮತ್ತು ಆ ರುಚಿಯನ್ನು ತೆಗೆಯುವ ಉಪಾಯವಿಲ್ಲ.

ಬೆಣ್ಣೆಯ ವಿಚಾರ

ಬೆಣ್ಣೆದೋಸೆಗೆ ಹಾಕುವ ನಮ್ಮೂರಿನ ಬಿಳಿ ಬೆಣ್ಣೆಯೇ ಆಗುತ್ತದೆಯೇ ಎಂದು ದಾವಣಗೆರೆಯವರು ಕೇಳುವುದು ಸಹಜ. ಆಗುತ್ತದೆ, ಆದರೆ ನೇರವಾಗಿ ಅಲ್ಲ. ಫ್ರಾನ್ಸಿನಲ್ಲಿ ಉಪ್ಪಿಲ್ಲದ ಬೆಣ್ಣೆಯಲ್ಲಿ ಕನಿಷ್ಠ 82 ಪ್ರತಿಶತ ಕೊಬ್ಬು ಇರಬೇಕೆಂಬ ನಿಯಮವಿದೆ. ನಮ್ಮಲ್ಲಿ ಪೊಟ್ಟಣದ ಟೇಬಲ್ ಬೆಣ್ಣೆಗೆ ಆ ಮಿತಿ 80 ಪ್ರತಿಶತ; ಬಿಳಿ ಬೆಣ್ಣೆಗೆ ಇನ್ನೂ ಕಡಿಮೆ, 76 ಪ್ರತಿಶತ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಮತ್ತು ಮಜ್ಜಿಗೆಯ ಅಂಶ ಇನ್ನೂ ಹೆಚ್ಚಿರಬಹುದು. ಆ ನೀರು ಮೈದಾಕ್ಕೆ ಸೇರಿದಾಗ ಹಿಟ್ಟಿನಲ್ಲಿ ಅಂಟು ಹುಟ್ಟುತ್ತದೆ. ಆ ಅಂಟೇ ಕವಚವನ್ನು ಗಡುಸಾಗಿಸಿ, ಒಲೆಯಲ್ಲಿ ಒಳಕ್ಕೆ ಎಳೆದುಕೊಳ್ಳುವಂತೆ ಮಾಡುತ್ತದೆ.

ಬಿಳಿ ಬೆಣ್ಣೆಯನ್ನೇ ಬಳಸುವುದಾದರೆ, ಅದನ್ನು ಐಸ್ ನೀರಿನಲ್ಲಿ ಹಾಕಿ ಕೈಯಿಂದ ಮೆಲ್ಲನೆ ಹಿಸುಕಿ, ನೀರು ತಿಳಿಯಾಗುವವರೆಗೆ ಬದಲಿಸುತ್ತ ತೊಳೆಯಿರಿ. ಮೊದಲ ನೀರು ಮಜ್ಜಿಗೆಯಂತೆ ಬೆಳ್ಳಗಿರುತ್ತದೆ, ಮೂರು ನಾಲ್ಕು ಸಲ ತೊಳೆದ ಮೇಲೆ ಪಾತ್ರೆಯ ತಳ ಕಾಣಿಸತೊಡಗುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒತ್ತಿ, ಒಳಗಿನ ನೀರಿನ ಹನಿಗಳನ್ನು ಹೊರಡಿಸಿ, ಫ್ರಿಜ್‌ನಲ್ಲಿ ಗಟ್ಟಿಯಾಗಲು ಬಿಡಿ. ತೂಕ ಮಾಡುವುದು ಇಷ್ಟೆಲ್ಲ ಆದ ಮೇಲೆಯೇ. ಮೊಸರಿನಿಂದ ಕಡೆದ ಬೆಣ್ಣೆಗಿರುವ ಸಣ್ಣ ಹುಳಿ ಇಲ್ಲಿ ದೋಷವಲ್ಲ, ಫ್ರೆಂಚರೂ ಹೆಪ್ಪು ಹಾಕಿದ ಕೆನೆಯಿಂದ ತೆಗೆದ ಬೆಣ್ಣೆಯನ್ನು ಇಷ್ಟಪಡುತ್ತಾರೆ. ಹಳೆಯದಾಗಿ ಕಮಟು ಬಂದ ಬೆಣ್ಣೆ ಮಾತ್ರ ಬೇಡವೇ ಬೇಡ. ಅದನ್ನು ಕಾಯಿಸಿ ತುಪ್ಪ ಮಾಡಿಕೊಳ್ಳಿ.

ಇಷ್ಟು ಶ್ರಮ ಬೇಡವೆನ್ನುವವರು ಉಪ್ಪಿಲ್ಲದ ಪೊಟ್ಟಣದ ಬೆಣ್ಣೆ ಕೊಳ್ಳಬಹುದು. ನಂದಿನಿಯ ಉಪ್ಪಿಲ್ಲದ ಬೆಣ್ಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಉಪ್ಪಿರುವ ಹಳದಿ ಬೆಣ್ಣೆ ಮಾತ್ರ ಸಿಕ್ಕರೆ ಕವಚಕ್ಕೆ ಬಳಸಿ, ಚಿಟಿಕೆ ಉಪ್ಪನ್ನು ಬಿಟ್ಟುಬಿಡಿ; ಹೂರಣಕ್ಕೆ ಅದನ್ನು ಹಾಕಬಾರದು, 150 ಗ್ರಾಂ ಬೆಣ್ಣೆಯ ಉಪ್ಪು ನಿಂಬೆಯ ಪರಿಮಳವನ್ನು ಮುಚ್ಚಿಹಾಕುತ್ತದೆ. ಮಾರ್ಗರಿನ್ ಮತ್ತು ವನಸ್ಪತಿ ಎರಡಕ್ಕೂ ಸಲ್ಲ.

ನಿಂಬೆಯ ವಿಚಾರ

ಫ್ರೆಂಚ್ ವಿಧಾನಗಳಲ್ಲಿ ಹೇಳುವುದು ದೊಡ್ಡ ಗಾತ್ರದ, ದಪ್ಪ ಸಿಪ್ಪೆಯ ಹಳದಿ ಲೆಮನ್. ನಮ್ಮ ಸಂತೆಗಳಲ್ಲಿ ಸಿಗುವುದು ತೆಳು ಸಿಪ್ಪೆಯ ಕಾಗ್ಜಿ ನಿಂಬೆ. ವಿಜಯಪುರ ಜಿಲ್ಲೆಯ ಇಂಡಿ ಸೀಮೆ ಈ ಬೆಳೆಗೆ ಪ್ರಸಿದ್ಧ. ಇದರ ಹುಳಿ ಲೆಮನ್‌ಗಿಂತ ತುಸು ಹೆಚ್ಚು, ಪರಿಮಳ ಹೆಚ್ಚು ಚುರುಕು, ಸಿಪ್ಪೆಯಲ್ಲಿ ಕಹಿಯೂ ಬೇಗ ಬರುತ್ತದೆ. ಮೇಲೆ ಕೊಟ್ಟ 130 ಮಿಲಿಲೀಟರ್ ಅಳತೆ ನಮ್ಮ ನಿಂಬೆಗೆ ಹೊಂದಿಸಿದ್ದು. ದೊಡ್ಡ ಲೆಮನ್ ಸಿಕ್ಕಿದರೆ 150 ಮಿಲಿಲೀಟರ್‌ವರೆಗೆ ಹಾಕಬಹುದು. 130 ಮಿಲಿಲೀಟರ್ ರಸಕ್ಕೆ ನಮ್ಮ ನಿಂಬೆಯಾದರೆ ಮಧ್ಯಮ ಗಾತ್ರದ ಹತ್ತು ಹನ್ನೆರಡು ಹಣ್ಣು ಬೇಕಾಗುತ್ತವೆ. ಪೂರ್ತಿ ಹಳದಿಯಾದ, ಕೈಯಲ್ಲಿ ಹಿಡಿದರೆ ಭಾರವೆನಿಸುವ, ನುಣುಪು ಸಿಪ್ಪೆಯ ಹಣ್ಣನ್ನೇ ಆರಿಸಿ. ಹಸಿರು ಕಾಯಿಯ ಸಿಪ್ಪೆ ತುರಿದರೆ ಕಹಿ ಖಚಿತ.

ಮೊದಲು ತುರಿಯಬೇಕು, ಆಮೇಲೆ ಹಿಂಡಬೇಕು. ಹಿಂಡಿದ ಹೋಳನ್ನು ತುರಿಯಲು ಬರುವುದಿಲ್ಲ. ಹಣ್ಣನ್ನು ಉಗುರುಬೆಚ್ಚನೆಯ ನೀರಿನಲ್ಲಿ ಉಜ್ಜಿ ತೊಳೆದು ಒರೆಸಿ, ಸಣ್ಣ ರಂಧ್ರದ ತುರಿಮಣೆಯ ಮೇಲೆ ಹಗುರವಾಗಿ ಆಡಿಸಿ. ಒಂದು ಜಾಗದಲ್ಲಿ ಒಂದೇ ಸಲ ಎಳೆದು ಹಣ್ಣನ್ನು ತಿರುಗಿಸಿ. ಬಿಳಿ ಪದರ ಕಾಣಿಸಿತೆಂದರೆ ಆ ಜಾಗ ಮುಗಿಯಿತು, ಕಹಿ ಇರುವುದೆಲ್ಲ ಆ ಬಿಳಿಯಲ್ಲೇ. ಕಾಗ್ಜಿ ನಿಂಬೆಯಲ್ಲಿ ಬಣ್ಣದ ಪದರ ಎಷ್ಟು ತೆಳುವೆಂದರೆ, ಎರಡನೆಯ ಸಲ ಎಳೆಯುವಷ್ಟರಲ್ಲಿ ಬಿಳಿ ಬಂದಿರುತ್ತದೆ. ತುರಿದ ಮೇಲೆ ರಸ ಹಿಂಡುವಾಗಲೂ ಸಿಪ್ಪೆಯನ್ನು ಮಡಚಿ ತಿರುಚಿ ಕೊನೆಯ ಹನಿಯವರೆಗೆ ಹಿಂಡಬೇಡಿ. ಬಾಟಲಿಯಲ್ಲಿ ಬರುವ ನಿಂಬೆರಸವನ್ನು ದಯವಿಟ್ಟು ಬಳಸಬೇಡಿ. ಈ ತಿನಿಸಿನಲ್ಲಿ ಬಚ್ಚಿಡಲು ಬೇರೆ ಯಾವ ರುಚಿಯೂ ಇಲ್ಲ.

ಸಮಯದ ಹೊಂದಾಣಿಕೆ

ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಆತುರ ಬೇಡ. ಹಿಂದಿನ ಸಂಜೆ ಕಣಕ ಕಲಸಿ, ಲಟ್ಟಿಸಿ, ಅಚ್ಚಿಗೆ ಕೂರಿಸಿ ಫ್ರಿಜ್‌ನಲ್ಲಿಡಿ. ಮರುದಿನ ಬೆಳಿಗ್ಗೆ ಅಡುಗೆಮನೆ ಕಾಯುವ ಮೊದಲೇ ಕವಚ ಬೇಯಿಸಿ, ಹೂರಣ ಮಾಡಿ ತುಂಬಿ. ನಾಲ್ಕು ಗಂಟೆ ಫ್ರಿಜ್‌ನಲ್ಲಿದ್ದ ಟಾರ್ಟ್ ಸಂಜೆಯ ಹೊತ್ತಿಗೆ ಕತ್ತರಿಸಲು ಸಿದ್ಧವಾಗಿರುತ್ತದೆ. ಮೊದಲ ಸಲ ಮಾಡುವವರು ಡಿಸೆಂಬರ್, ಜನವರಿಯ ತಂಪಿನಲ್ಲಿ ಕೈ ಪಳಗಿಸಿಕೊಂಡರೆ ಬೇಸಿಗೆಯಲ್ಲಿ ಕಷ್ಟವಾಗುವುದಿಲ್ಲ.

ಹಂತ 1: ಕಣಕ

ಈ ಸಿಹಿ ಕಣಕಕ್ಕೆ ಫ್ರೆಂಚಿನಲ್ಲಿ ‘ಪಾತ್ ಸುಕ್ರೇ’ ಎಂದು ಹೆಸರು. ಬೆಣ್ಣೆಯನ್ನು ಒಂದು ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ, ಹದಿನೈದು ನಿಮಿಷ ಫ್ರೀಜರ್‌ನಲ್ಲಿಡಿ. ಮೈದಾ, ಸಕ್ಕರೆ ಪುಡಿ, ಬಾದಾಮಿ ಪುಡಿ, ಉಪ್ಪನ್ನು ಜರಡಿ ಹಿಡಿದು ಒಟ್ಟಿಗೆ ಬೆರೆಸಿ, ಈ ಮಿಶ್ರಣವನ್ನೂ ಬೇಸಿಗೆಯಲ್ಲಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟಿರಿ. ಆಮೇಲೆ ಬೆಣ್ಣೆಯ ತುಂಡುಗಳನ್ನು ಹಿಟ್ಟಿಗೆ ಸೇರಿಸಿ, ಬೆರಳ ತುದಿಗಳಿಂದ ಮಾತ್ರ ಉಜ್ಜುತ್ತ, ಇಡೀ ಹಿಟ್ಟು ಸಣ್ಣ ರವೆಯಂತೆ ಉದುರಾಗುವವರೆಗೆ ಬೆರೆಸಿ. ಅಂಗೈ ತಾಗಿಸಬೇಡಿ, ಅಂಗೈ ಬೆರಳಿಗಿಂತ ಬಿಸಿ. ಕೈ ಬೆವರುವವರು ಮಿಕ್ಸಿಯ ದೊಡ್ಡ ಜಾರಿನಲ್ಲಿ ಎರಡೆರಡು ಸೆಕೆಂಡ್‌ಗೆ ನಿಲ್ಲಿಸುತ್ತ ತಿರುಗಿಸಬಹುದು. ಹೀಗೆ ಉಜ್ಜುವಾಗ ಬೆಣ್ಣೆ ಹಿಟ್ಟಿನ ಕಣಗಳ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ, ಆಮೇಲೆ ಸೇರುವ ಮೊಟ್ಟೆಯ ನೀರು ಹಿಟ್ಟಿಗೆ ನೇರವಾಗಿ ತಾಗುವುದು ಕಡಿಮೆಯಾಗುತ್ತದೆ. ಬೆಣ್ಣೆ ಕರಗಿದ್ದರೆ ಈ ಕೆಲಸ ನಡೆಯುವುದಿಲ್ಲ. ಹಿಟ್ಟಿನ ಮೇಲೆ ಎಣ್ಣೆಯ ಹೊಳಪು ಕಾಣಿಸಿದ ಕೂಡಲೇ ನಿಲ್ಲಿಸಿ, ಪಾತ್ರೆಯನ್ನೇ ಹತ್ತು ನಿಮಿಷ ಫ್ರಿಜ್‌ಗೆ ಕಳಿಸಿ.

ಈಗ ಕಲಕಿದ ಮೊಟ್ಟೆಯ 30 ಗ್ರಾಂ ಸುರಿದು, ಕಣಕ ಒಂದಾಗುವಷ್ಟು ಮಾತ್ರ ಕೂಡಿಸಿ. ಇಲ್ಲಿ ನಮ್ಮ ಕೈಯ ರೂಢಿಯೇ ನಮಗೆ ಅಡ್ಡಿಯಾಗುತ್ತದೆ: ಹೋಳಿಗೆಯ ಕಣಕವನ್ನು ನಾದಿದಷ್ಟೂ ಅದು ಹಿಗ್ಗಿ ಬರುತ್ತದೆ, ಅದೇ ಅದರ ಗುಣ, ಟಾರ್ಟ್‌ನ ಕಣಕ ಹಿಗ್ಗಲೇಬಾರದು, ಎಳೆದರೆ ಮುರಿಯಬೇಕು. ಆದ್ದರಿಂದ ನಾದಬೇಡಿ. ಒಂದೆರಡು ಕಡೆ ಬಿರುಕಿದ್ದರೂ ಚಿಂತೆಯಿಲ್ಲ, ಒತ್ತಿ ಚಪ್ಪಟೆ ಬಿಲ್ಲೆ ಮಾಡಿ, ಮುಚ್ಚಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಉಂಡೆ ಕಟ್ಟಿಟ್ಟರೆ ಹೊರಭಾಗ ಗಟ್ಟಿಯಾಗಿ ಒಳಭಾಗ ಮೆತ್ತಗೇ ಉಳಿಯುತ್ತದೆ.

ಹಂತ 2: ಲಟ್ಟಿಸುವುದು

ಕೇಕಿಗೆ ಹಾಕುವ ಬಟರ್ ಪೇಪರ್‌ನ ಎರಡು ಹಾಳೆಗಳ ನಡುವೆ ಕಣಕವನ್ನಿಟ್ಟು ಲಟ್ಟಿಸಿ. ಹೀಗೆ ಮಾಡಿದರೆ ಉದುರಿಸಲು ಒಣ ಹಿಟ್ಟು ಬೇಕಿಲ್ಲ. ಉದುರಿಸಿದ ಹಿಟ್ಟೆಲ್ಲ ಕಣಕಕ್ಕೇ ಸೇರಿ ಅದನ್ನು ಒಣಗಿಸುತ್ತದೆ. ದಪ್ಪ ಮೂರು ಮಿಲಿಮೀಟರ್, ಅಗಲ ಅಚ್ಚಿಗಿಂತ ಏಳು ಸೆಂಟಿಮೀಟರ್ ಹೆಚ್ಚು, ಅಂದರೆ ಸುಮಾರು 29 ಸೆಂಟಿಮೀಟರ್ ಇರಲಿ. ಬೇಸಿಗೆಯಲ್ಲಿ ಗ್ರಾನೈಟ್ ಕಟ್ಟೆಯೂ ಬೆಚ್ಚಗಿರುವುದರಿಂದ, ಲಟ್ಟಿಸುವ ಜಾಗದ ಮೇಲೆ ಐಸ್ ತುಂಬಿದ ಅಗಲ ತಟ್ಟೆಯನ್ನು ಹತ್ತು ನಿಮಿಷ ಇಟ್ಟು, ತೆಗೆದು, ತೇವವನ್ನು ಪೂರ್ತಿ ಒರೆಸಿಕೊಳ್ಳಿ. ನಡುವೆ ಕಣಕ ಮೆತ್ತಗಾಗಿ ಹಾಳೆಗೆ ಅಂಟತೊಡಗಿದರೆ ಹಾಳೆಯ ಸಮೇತ ತಟ್ಟೆಯ ಮೇಲಿಟ್ಟು ಫ್ರಿಜ್‌ಗೆ ಹಾಕಿ. ಮೇ ತಿಂಗಳಲ್ಲಿ ಹೀಗೆ ಎರಡು ಸಲ ನಿಲ್ಲಿಸಬೇಕಾದೀತು, ಅದನ್ನು ವಿಳಂಬವೆಂದು ತಿಳಿಯಬೇಡಿ.

ಹಂತ 3: ಅಚ್ಚಿಗೆ ಕೂರಿಸುವುದು

ಅಚ್ಚಿಗೆ ತೆಳುವಾಗಿ ಬೆಣ್ಣೆ ಸವರಿ. ಮೇಲಿನ ಹಾಳೆ ಬಿಡಿಸಿ, ಕಣಕವನ್ನು ಅಚ್ಚಿನ ಮೇಲೆ ಮಗುಚಿ, ಇನ್ನೊಂದು ಹಾಳೆಯನ್ನೂ ತೆಗೆಯಿರಿ. ಅಂಚನ್ನು ಹಿಡಿದು ಎತ್ತಿ, ಕಣಕ ತಾನಾಗಿ ಮೂಲೆಗೆ ಇಳಿಯುವಂತೆ ಬಿಡಬೇಕು. ಎಳೆದು ಹಿಗ್ಗಿಸಿ ಕೂರಿಸಿದ ಭಾಗ ಒಲೆಯಲ್ಲಿ ತನ್ನ ಮೊದಲಿನ ಅಳತೆಗೆ ಕುಗ್ಗುತ್ತದೆ, ಅಂಚು ಕುಸಿಯಿತೆಂಬ ದೂರಿಗೆ ಮೂಲ ಇಲ್ಲೇ. ತಳ ಮತ್ತು ಗೋಡೆ ಸೇರುವ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಗಾಳಿ ಉಳಿದಿದ್ದರೆ ಕವಚ ಅಲ್ಲಿಯೇ ಮುರಿಯುತ್ತದೆ. ಹೆಚ್ಚಿನ ಅಂಚನ್ನು ಚಾಕುವಿನಿಂದ ಕತ್ತರಿಸಿ, ಕತ್ತರಿಸಿದ ಚೂರುಗಳನ್ನು ಬಿರುಕು ಮುಚ್ಚಲು ಎತ್ತಿಡಿ. ತಳಕ್ಕೆ ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ, ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ಇಡೀ ರಾತ್ರಿ, ಫ್ರಿಜ್‌ನಲ್ಲಿಡಿ.

ತಳ ಬಿಡಿಸುವ ಅಚ್ಚು ಇಲ್ಲದವರು ಅದೇ ಅಗಲದ, ಅಂಚು ಎತ್ತರವಿರುವ ಸ್ಟೀಲ್ ತಟ್ಟೆ ಬಳಸಬಹುದು. ಟಾರ್ಟನ್ನು ಆಗ ತಟ್ಟೆಯಿಂದ ಹೊರತೆಗೆಯದೆ ಅದರಲ್ಲೇ ಕತ್ತರಿಸಿ ಬಡಿಸಬೇಕು.

ಹಂತ 4: ಬರಿ ಕವಚವನ್ನು ಬೇಯಿಸುವುದು

ಹೂರಣ ತುಂಬುವ ಮೊದಲೇ ಬರಿ ಕವಚವನ್ನು ಬೇಯಿಸುವುದಕ್ಕೆ ‘ಬ್ಲೈಂಡ್ ಬೇಕಿಂಗ್’ ಎನ್ನುತ್ತಾರೆ. ಓಟಿಜಿಯ ಮೇಲಿನ ಮತ್ತು ಕೆಳಗಿನ ಎರಡೂ ಸರಳುಗಳನ್ನು ಹಾಕಿ, 170 ಡಿಗ್ರಿ ಸೆಲ್ಸಿಯಸ್‌ಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಕವಚದ ಮೇಲೆ ಬಟರ್ ಪೇಪರ್ ಹಾಸಿ, ಅಂಚಿನವರೆಗೂ ಒಣ ಕಾಳು ತುಂಬಿ. ಈ ಭಾರವೇ ಗೋಡೆ ಜಾರದಂತೆ, ತಳ ಉಬ್ಬದಂತೆ ಹಿಡಿದಿಡುತ್ತದೆ. ಕಡಲೆಕಾಳು, ರಾಜ್ಮಾ, ಅಕ್ಕಿ ಯಾವುದಾದರೂ ಆದೀತು. ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿ ಸಿಗುವ ಮೆಕ್ಕೆಜೋಳ ಮಾತ್ರ ಬೇಡ, ಬಿಸಿಗೆ ಅದರ ಕಾಳು ಸಿಡಿಯಬಹುದು. ಒಮ್ಮೆ ಬಳಸಿದ ಕಾಳು ಅಡುಗೆಗೆ ಬಾರದು. ಆರಿಸಿ ಡಬ್ಬಿಯಲ್ಲಿಟ್ಟರೆ ಮುಂದಿನ ಟಾರ್ಟ್‌ಗೂ ಅದೇ ನಡೆಯುತ್ತದೆ.

ಇಪ್ಪತ್ತು ನಿಮಿಷ ಬೇಯಿಸಿ, ಕಾಳನ್ನು ಹಾಳೆಯ ಸಮೇತ ಎತ್ತಿ ತೆಗೆಯಿರಿ. ತಳ ಇನ್ನೂ ಬೆಳ್ಳಗೆ, ತುಸು ತೇವವಾಗಿ ಕಾಣುತ್ತದೆ. ಮತ್ತೆ ಒಳಗಿಟ್ಟು ಹತ್ತರಿಂದ ಹದಿನೈದು ನಿಮಿಷ, ತಳದ ನಡುಭಾಗವೂ ಬಂಗಾರದ ಕಂದು ಬಣ್ಣಕ್ಕೆ ಬರುವವರೆಗೆ ಬೇಯಿಸಿ. ಹೆಚ್ಚಿನವರು ಅಂಚಿನ ಬಣ್ಣ ನೋಡಿ ಹೊರತೆಗೆಯುತ್ತಾರೆ, ನೋಡಬೇಕಾದದ್ದು ನಡುವನ್ನು. ಈ ಕವಚ ಮತ್ತೆ ಒಲೆಗೆ ಹೋಗುವುದಿಲ್ಲವಾದ್ದರಿಂದ ಈಗ ಬೇಯದ ತಳ ಎಂದಿಗೂ ಬೇಯುವುದಿಲ್ಲ. ಅಂಚು ಮೊದಲೇ ಕಂದಾಗುತ್ತಿದ್ದರೆ ಮೇಲಿನ ಸರಳನ್ನು ಆರಿಸಿ, ಕೆಳಗಿನದನ್ನು ಮಾತ್ರ ಉಳಿಸಿ.

ಕೊನೆಯ ಎರಡು ನಿಮಿಷ ಉಳಿದಿರುವಾಗ ಹೊರತೆಗೆದು, ಎತ್ತಿಟ್ಟ ಮೊಟ್ಟೆಯನ್ನು ಒಳಮೈಗೆಲ್ಲ ತೆಳುವಾಗಿ ಸವರಿ ಮತ್ತೆ ಒಳಗಿಡಿ. ಅದು ಒಣಗಿ ಹೊಳೆಯುವ ಪೊರೆಯಾಗುತ್ತದೆ, ಹೂರಣದ ತೇವ ಕವಚಕ್ಕೆ ಇಳಿಯುವುದನ್ನು ತಡೆಯುತ್ತದೆ. ಬಿರುಕು ಕಂಡರೆ ಎತ್ತಿಟ್ಟ ಹಸಿ ಕಣಕವನ್ನು ಇದಕ್ಕೂ ಮುಂಚೆಯೇ ಮೆತ್ತಿ ಬೇಯಿಸಿಕೊಂಡಿರಬೇಕು. ಕವಚವನ್ನು ಅಚ್ಚಿನಲ್ಲೇ ಪೂರ್ತಿ ಆರಲು ಬಿಡಿ.

ಹಂತ 5: ಹೂರಣ ಬೇಯಿಸುವುದು

ಸಕ್ಕರೆಗೆ ನಿಂಬೆ ಸಿಪ್ಪೆಯ ತುರಿ ಹಾಕಿ ಬೆರಳುಗಳಿಂದ ಚೆನ್ನಾಗಿ ತಿಕ್ಕಿ. ಸಿಪ್ಪೆಯಲ್ಲಿರುವ ಸುಗಂಧದ ಎಣ್ಣೆ ಸಕ್ಕರೆಗೆ ಇಳಿಯುತ್ತದೆ. ಸಕ್ಕರೆ ತುಸು ಒದ್ದೆಯಾದಂತಾಗಿ ಮನೆಯಲ್ಲೆಲ್ಲ ಪರಿಮಳ ಹರಡಿದಾಗ ಸಾಕು. ಹತ್ತು ನಿಮಿಷ ಹಾಗೇ ಬಿಡಿ. ಇನ್ನೊಂದು ಸ್ಟೀಲ್ ಪಾತ್ರೆಯಲ್ಲಿ ಮೊಟ್ಟೆ ಮತ್ತು ಹಳದಿಗಳನ್ನು ಕಲಕಿ, ಸಕ್ಕರೆ ಹಾಕಿದ ಕೂಡಲೇ ವಿಸ್ಕ್‌ನಿಂದ, ಅಂದರೆ ತಂತಿಯ ಕಡೆಗೋಲಿನಿಂದ, ನಿಲ್ಲಿಸದೆ ಕಲಸಿ. ಸಕ್ಕರೆಯನ್ನು ಹಳದಿಯ ಮೇಲೆ ಸುರಿದು ಬೇರೆ ಕೆಲಸಕ್ಕೆ ಹೋದರೆ ಅದು ಹಳದಿಯ ತೇವವನ್ನು ಹೀರಿ, ಆಮೇಲೆ ಎಷ್ಟು ಕಲಸಿದರೂ ಕರಗದ ಸಣ್ಣ ಹರಳುಗಳನ್ನು ಬಿಡುತ್ತದೆ. ಕೊನೆಗೆ ನಿಂಬೆರಸ ಸೇರಿಸಿ.

ದೊಡ್ಡ ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಉರಿ ತಗ್ಗಿಸಿ, ಅದರ ಬಾಯಿಯ ಮೇಲೆ ಹೂರಣದ ಪಾತ್ರೆ ಕೂರಿಸಿ. ಮೇಲಿನ ಪಾತ್ರೆಯ ತಳ ನೀರಿಗೆ ತಾಗಬಾರದು, ಹಬೆ ಮಾತ್ರ ತಾಗಬೇಕು. ನೇರ ಉರಿಯ ಮೇಲೆ ಇಡುವ ಧೈರ್ಯ ಮಾಡಬೇಡಿ. ಪಾತ್ರೆಯ ತಳದ ಮೊಟ್ಟೆ ಬೆಂದು ಗಂಟಾಗಿರುತ್ತದೆ, ಮೇಲಿನದು ಇನ್ನೂ ನೀರಾಗಿರುತ್ತದೆ. ಮೂಲೆಗಳನ್ನೂ ಮುಟ್ಟುವಂತೆ ನಿರಂತರ ಕೈಯಾಡಿಸುತ್ತಿರಿ.

ಇನ್ನು ಗಮನವಿಟ್ಟು ನೋಡಿ. ಮೊದಮೊದಲು ಮೇಲೆ ದಪ್ಪ ನೊರೆ ಇರುತ್ತದೆ. ಬಿಸಿಯೇರಿದಂತೆ ಗುಳ್ಳೆಗಳು ಸಣ್ಣದಾಗಿ, ಹೂರಣ ತೆಳುವಾಗಿಯೇ ಇದೆಯಲ್ಲ ಎಂಬ ಅನುಮಾನ ಬರುತ್ತದೆ. ಎಂಟು ಹತ್ತು ನಿಮಿಷದ ಹೊತ್ತಿಗೆ ನೊರೆ ಪೂರ್ತಿ ಇಳಿದು, ಮೇಲ್ಮೈ ನುಣುಪಾಗಿ, ವಿಸ್ಕ್ ಎಳೆದ ಗೆರೆಗಳು ಒಂದು ಕ್ಷಣ ನಿಲ್ಲತೊಡಗುತ್ತವೆ. ಸೌಟನ್ನು ಅದ್ದಿ ಎತ್ತಿ, ಹಿಂಬದಿಯಲ್ಲಿ ಬೆರಳಿನಿಂದ ಅಡ್ಡ ಗೆರೆ ಎಳೆಯಿರಿ. ಗೆರೆ ಕೂಡಿಕೊಳ್ಳದೆ ಸ್ಪಷ್ಟವಾಗಿ ಉಳಿದರೆ ಹದ ಬಂದಿದೆ. ಥರ್ಮಾಮೀಟರ್ ಇದ್ದವರಿಗೆ ಆ ಹದ 82ರಿಂದ 83 ಡಿಗ್ರಿ. ಬರಿಯ ಮೊಟ್ಟೆ ಇಷ್ಟು ಬಿಸಿಯಲ್ಲಿ ಆಗಲೇ ಗಟ್ಟಿಯಾಗಿರುತ್ತಿತ್ತು. ಇಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಅದು ತಡವಾಗಿ ಗಟ್ಟಿಯಾಗುತ್ತದೆ. ಹೆದರಿ 70 ಡಿಗ್ರಿಗೇ ಇಳಿಸಿದವರ ಟಾರ್ಟ್ ಫ್ರಿಜ್‌ನಲ್ಲಿ ಎಷ್ಟು ಹೊತ್ತಿದ್ದರೂ ಕತ್ತರಿಸಿದಾಗ ಹರಿಯುತ್ತದೆ. ಕುದಿ ಬರಿಸಿದವರದು ಒಡೆಯುತ್ತದೆ. ಇವೆರಡರ ನಡುವಿನ ಅವಧಿ ಒಂದೆರಡು ನಿಮಿಷವಷ್ಟೇ ಆದ್ದರಿಂದ ಈ ಹೊತ್ತಿನಲ್ಲಿ ಒಲೆಯ ಬಳಿಯಿಂದ ಅಲುಗಬೇಡಿ.

ಹದ ಬಂದ ಕೂಡಲೇ ಇಳಿಸಿ, ಸಣ್ಣ ಜಾಲರಿಯ ಸೋಸುವ ಜರಡಿಯಲ್ಲಿ ಬೇರೆ ಪಾತ್ರೆಗೆ ಸೋಸಿ. ತುರಿಯೂ, ಬೆಂದ ಬಿಳಿಯ ಎಳೆಗಳೂ ಮೇಲೆ ಉಳಿಯುತ್ತವೆ. ಇವುಗಳಿಗಾಗಿ ಜರಡಿಯನ್ನು ಜೋರಾಗಿ ಒತ್ತಬೇಡಿ.

ಹಂತ 6: ಬೆಣ್ಣೆ ಸೇರಿಸುವುದು

ಅವಸರಪಟ್ಟು ಬಿಸಿ ಹೂರಣಕ್ಕೇ ಬೆಣ್ಣೆ ಹಾಕುವುದು ಸಾಮಾನ್ಯ ತಪ್ಪು. ಬಿಸಿಯಲ್ಲಿ ಬೆಣ್ಣೆ ಪೂರ್ತಿ ಕರಗಿ ಎಣ್ಣೆಯಾಗುತ್ತದೆ; ಹೂರಣ ಜಿಡ್ಡಾಗುತ್ತದೆ, ಮೇಲೆ ತೇಲುವುದು ಈ ಎಣ್ಣೆಯೇ. ಹೂರಣ 55ರಿಂದ 60 ಡಿಗ್ರಿಗೆ ಇಳಿಯುವವರೆಗೆ ಕಾಯಿರಿ. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಹೊರಮೈ ಮುಟ್ಟಿ ನೋಡಿ: ಬಿಸಿಯೆನಿಸಬೇಕು, ಆದರೆ ಬೆರಳನ್ನು ಎರಡು ಮೂರು ಸೆಕೆಂಡ್ ಇಡುವಂತಿರಬೇಕು. ನಮ್ಮ ಹವೆಯಲ್ಲಿ ಇದು ತಾನಾಗಿ ಇಳಿಯಲು ಬಹಳ ಹೊತ್ತು ಹಿಡಿಯುವುದರಿಂದ, ತಣ್ಣೀರಿನ ಬೋಗುಣಿಯಲ್ಲಿ ಪಾತ್ರೆಯಿಟ್ಟು ಕೈಯಾಡಿಸಿ.

ಬೆಣ್ಣೆ ಫ್ರಿಜ್‌ನಿಂದ ಹತ್ತು ನಿಮಿಷ ಮೊದಲು ತೆಗೆದದ್ದಾಗಿರಲಿ, ಒತ್ತಿದರೆ ಬೆರಳಿನ ಗುರುತು ಮೂಡುವಷ್ಟು ಮೆದು, ಹೊಳೆಯುವಷ್ಟಲ್ಲ. ನಾಲ್ಕೈದು ತುಂಡು ಹಾಕಿ, ಹ್ಯಾಂಡ್ ಬ್ಲೆಂಡರ್‌ನಿಂದ ಕಡೆದು, ಅದು ಕಾಣೆಯಾದ ಮೇಲೆಯೇ ಮುಂದಿನ ತುಂಡುಗಳನ್ನು ಹಾಕಿ. ಮಿಕ್ಸಿಯಲ್ಲಿ ಮಾಡುವವರು ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳದ ಮಧ್ಯದ ಬಿರಡೆ ತೆಗೆದು ಬಟ್ಟೆ ಹಿಡಿಯಿರಿ. ಬಿಸಿ ಪದಾರ್ಥದ ಹಬೆಗೆ ಮುಚ್ಚಳ ಹಾರಿ ಕೈ ಸುಟ್ಟುಕೊಳ್ಳುವ ಅಪಾಯವಿದೆ. ಎಲ್ಲ ಬೆಣ್ಣೆ ಸೇರಿದ ಮೇಲೂ ಎರಡು ನಿಮಿಷ ಕಡೆಯಿರಿ. ಹೂರಣದ ಬಣ್ಣ ತುಸು ತಿಳಿಯಾಗಿ, ಮೈ ದಪ್ಪವಾಗಿ, ಚಮಚದಿಂದ ಬೀಳುವಾಗ ಪಟ್ಟಿಯಂತೆ ಇಳಿಯುತ್ತದೆ. ಫಾರಂ ಮೊಟ್ಟೆಯ ಹಳದಿ ಪೇಲವವಾಗಿದ್ದರೆ ಹೂರಣವೂ ಪೇಲವವೇ. ಅದಕ್ಕೆ ಹಳದಿ ಬಣ್ಣ ಹಾಕುವ ಅಗತ್ಯವಿಲ್ಲ.

ಹಂತ 7: ತುಂಬುವುದು, ತಣಿಸುವುದು

ಪೂರ್ತಿ ಆರಿದ ಕವಚಕ್ಕೆ ಹೂರಣ ಸುರಿದು, ಅಚ್ಚನ್ನು ಮೆಲ್ಲನೆ ಕುಲುಕಿ ಸಮ ಮಾಡಿ. ಗಾಳಿಗುಳ್ಳೆ ಕಂಡರೆ ಸೂಜಿಯಿಂದ ಒಡೆಯಿರಿ. ಮುಚ್ಚದೆ ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ಮುಚ್ಚಿದರೆ ಮುಚ್ಚಳದ ಕೆಳಗೆ ನೀರು ಕಟ್ಟಿ ಮೇಲೆ ತೊಟ್ಟಿಕ್ಕುತ್ತದೆ. ಒಂದೇ ಎಚ್ಚರ: ಅದೇ ಫ್ರಿಜ್‌ನಲ್ಲಿ ಹೆಚ್ಚಿದ ಈರುಳ್ಳಿ, ದೋಸೆ ಹಿಟ್ಟು, ಬೆಳ್ಳುಳ್ಳಿ ಚಟ್ನಿ ತೆರೆದಿರಬಾರದು. ಬೆಣ್ಣೆ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಹಂತ 8: ಕತ್ತರಿಸುವುದು ಮತ್ತು ಇಡುವುದು

ಅಚ್ಚನ್ನು ಅಗಲ ಡಬ್ಬಿಯ ಮೇಲಿಟ್ಟರೆ ಹೊರಬಳೆ ತಾನಾಗಿ ಕೆಳಗಿಳಿಯುತ್ತದೆ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೇ ಒತ್ತಿನಲ್ಲಿ ಕತ್ತರಿಸಿ. ಪ್ರತಿ ತುಂಡಿಗೂ ಹೀಗೇ ಮಾಡಿ. ಶಾಸ್ತ್ರೀಯ ಕ್ರಮದಲ್ಲಿ ಮೇಲೆ ಯಾವ ಅಲಂಕಾರವೂ ಬೇಕಿಲ್ಲ.

ಬೇಸಿಗೆಯಲ್ಲಿ ಈ ಟಾರ್ಟನ್ನು ಬಡಿಸುವ ಹೊತ್ತಿಗೆ ಮಾತ್ರ ಹೊರತೆಗೆಯಿರಿ. ಅರ್ಧ ಗಂಟೆಯಲ್ಲಿ ಹೂರಣ ಮೆತ್ತಗಾಗತೊಡಗುತ್ತದೆ; ಮೊಟ್ಟೆ ಮತ್ತು ಬೆಣ್ಣೆಯ ತಿನಿಸಾದ್ದರಿಂದ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿದ್ದದ್ದನ್ನು ಮಕ್ಕಳಿಗೂ ಹಿರಿಯರಿಗೂ ಕೊಡಬಾರದು. ಬೇರೆ ಮನೆಗೆ ಒಯ್ಯುವುದಾದರೆ ಕೆಳಗೆ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲೇ ಒಯ್ಯಿರಿ. ಫ್ರಿಜ್‌ನಲ್ಲಿ ಎರಡು ದಿನ ಉಳಿಯುತ್ತದೆ, ಆದರೆ ಕವಚದ ಗರಿಗರಿ ಇರುವುದು ಮಾಡಿದ ದಿನವೇ. ಉಳಿದ ಮೂರು ಮೊಟ್ಟೆಗಳ ಬಿಳಿಯನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು, ಎರಡು ದಿನದೊಳಗೆ ಆಮ್ಲೆಟ್‌ಗೆ ಬಳಸಿಕೊಳ್ಳಿ.